ಹಿಡಿದಿದ್ದೇನೆ ಎಂಬ ಮಾತು

ನಮ್ಮ ಕಡೆ ಕರಿಮೆಣಸು ಕೊಯ್ಯುವ ಏಣಿಗೆ ಕಾಲು ಒಂದೇ. ಎರಡು ಕಾಲಿನ ಏಣಿಯನ್ನು ಕಾಫಿ ಗಿಡಗಳ ನಡುವೆ ತೂರಿಸಿ ನಿಲ್ಲಿಸಲು ಜಾಗವಿರುವುದಿಲ್ಲ. ಹಾಗಾಗಿ ನೀಳವಾದ ಒಂದು ಬಿದಿರನ್ನು ಕಡಿದು ತಂದು, ಗಿಣ್ಣುಗಳಲ್ಲಿ ಹುಟ್ಟಿದ ಕವಲುಗಳನ್ನು ಗೇಣುದ್ದ ಉಳಿಸಿ ಸವರುತ್ತಾರೆ. ಆ ಕವಲುಗಳೇ ಮೆಟ್ಟಿಲು. ಬುಡವನ್ನು ನೆಲದ ಸಣ್ಣ ಗುಳಿಯಲ್ಲಿ ಊರಿ, ತುದಿಯನ್ನು ಬಳ್ಳಿ ಹಬ್ಬಿದ ಮರಕ್ಕೆ ಒರಗಿಸುತ್ತಾರೆ. ಹತ್ತುವವನು ಮೇಲೆ ಹೋಗಿ, ಸೊಂಟಕ್ಕೆ ಸುತ್ತಿಕೊಂಡ ಹಗ್ಗದಿಂದ ಏಣಿಯನ್ನು ಮರಕ್ಕೆ ಕಟ್ಟುತ್ತಾನೆ. ಅವನು ಕಟ್ಟುವ ತನಕ, ಆಮೇಲೆ ಇಳಿಯಲೆಂದು ಬಿಚ್ಚಿದ ಮೇಲೂ, ಏಣಿಗೆ ಕೆಳಗೆ ನಿಂತವನ ಎರಡು ಕೈ ಬಿಟ್ಟರೆ ಬೇರೆ ಆಧಾರವಿಲ್ಲ.

ಇದಕ್ಕೆ ನಾಲ್ಕು ಮಾತುಗಳಿವೆ. ಮೇಲಿನವನು ಕಟ್ಟಿ ಮುಗಿಸಿ "ಕಟ್ದೆ" ಎನ್ನುತ್ತಾನೆ. ಕೆಳಗಿನವನು "ಬಿಟ್ಟೆ" ಎಂದು ಕೈ ತೆಗೆದು, ಉದುರಿದ ಮೆಣಸು ಹೆಕ್ಕಲು ಹೋಗುತ್ತಾನೆ. ಕೊಯ್ದು ಮುಗಿದಾಗ ಮೇಲಿನಿಂದ "ಬಿಚ್ತೀನಿ" ಎಂದು ಕೇಳುತ್ತದೆ. ಆಗ ಕೆಳಗಿನವನು ಬಂದು ಏಣಿಯನ್ನು ಹಿಡಿದು "ಹಿಡ್ದಿದೀನಿ" ಎನ್ನಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ಗಂಟು ಬಿಚ್ಚುವುದು. ಬಳ್ಳಿಯ ಎಲೆಗಳ ನಡುವೆ ಮೇಲಿದ್ದವನಿಗೆ ಕೆಳಗಿನವನು ಕಾಣುವುದಿಲ್ಲ. ಅವನು ಆ ಮಾತನ್ನು ಕೇಳಿಯೇ ನಂಬಬೇಕು.

ನಾನು ಪತ್ರಿಕೆಯ ಕೆಲಸದವನು. ಮೈಸೂರಿನ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಬೇರೆಯವರು ಬರೆದ ಸುದ್ದಿ ತಿದ್ದಿದೆ. ಹೆಸರು ಸರಿಯೇ, ಊರು ಸರಿಯೇ, ಸತ್ತವರ ವಯಸ್ಸು ಸರಿಯೇ ಎಂದು ಎರಡು ಸಲ ವಿಚಾರಿಸದೆ ಒಂದು ಸಾಲನ್ನೂ ಪುಟಕ್ಕೆ ಬಿಟ್ಟವನಲ್ಲ. ಆಮೇಲೆ ಊರಿಗೆ ಬಂದೆ. ನಮ್ಮ ತೋಟ ಗಡಿಯ ಊರಾದ ಬಾವಲಿಯ ಹತ್ತಿರ. ಕೊನೆಯ ಬೇಲಿಯಾಚೆ ಕಾಡು, ಕಾಡಿನಾಚೆ ಕರ್ನಾಟಕ. ಶಾಲೆ, ಕಚೇರಿ, ಬಸ್ಸು ಎಲ್ಲ ಮಲಯಾಳ, ಮನೆಯೊಳಗೆ ಕನ್ನಡ. ಅಲ್ಲಿ ಅಣ್ಣ ಮತ್ತು ಅತ್ತಿಗೆ ಇದ್ದರು. ನಾನು ಮದುವೆಯಾಗಿರಲಿಲ್ಲ, ಅವರಿಗೆ ಮಕ್ಕಳಾಗಿರಲಿಲ್ಲ. ಹಳೆಯ ಪತ್ರಿಕೆಗೇ ಗಡಿಯ ಸುದ್ದಿ ಕಳಿಸುತ್ತಿದ್ದೆ. ಮೆಣಸಿನ ಕಾಲ ಬಂದರೆ ಅಣ್ಣನಿಗೆ ಏಣಿ ಹಿಡಿಯುತ್ತಿದ್ದೆ.

ಅಣ್ಣ ನೆಲದ ಮೇಲೆ ಮಾತು ಕಡಿಮೆಯವನು. ಮರದ ಮೇಲೆ ಹೋದರೆ ಬಾಯಿ ನಿಲ್ಲುತ್ತಿರಲಿಲ್ಲ. ಬೇಲಿಯ ಪಕ್ಕದ ದೊಡ್ಡ ಸಿಲ್ವರ್ ಮರದ ಮೇಲಿನಿಂದ ಬಾವಲಿಯ ಚೆಕ್‌ಪೋಸ್ಟ್ ಕಾಣುತ್ತದಂತೆ. ಅಲ್ಲಿಂದ ನನಗೆ ಸುದ್ದಿ ಓದುತ್ತಿದ್ದ.

"ಬರ್ಕೊಳಪ್ಪಾ ಎಡಿಟ್ರೇ. ಗಡೀಲಿ ಎರಡು ಲಾರಿ ನಿಂತವೆ. ಒಂದ್ರಲ್ಲಿ ಹುಲ್ಲು. ಇನ್ನೊಂದರ ಡ್ರೈವರು ಉಚ್ಚೆ ಹೊಯ್ಯಕ್ಕೆ ಇಳಿದವ್ನೆ."

"ಹೆಸರು ಕೇಳು," ಎನ್ನುತ್ತಿದ್ದೆ.

"ಕೇಳ್ದೆ. ಈಗ ಹೇಳಕ್ಕೆ ಪುರುಸೊತ್ತಿಲ್ಲ ಅಂದ."

ಮನೆ ಬಿಟ್ಟರೆ ನಮ್ಮ ತೋಟದಲ್ಲಿ ಫೋನಿಗೆ ರೇಂಜು ಸಿಗುವುದೂ ಅದೇ ಸಿಲ್ವರ್ ಮರದ ಸುತ್ತ ಮಾತ್ರ.

ಆ ದಿನ ಬೆಳಿಗ್ಗೆ ಅಣ್ಣ ಆ ಮರದ ಮೇಲಿದ್ದ. ಏಣಿ ಕಟ್ಟಿತ್ತು. ನಾನು "ಬಿಟ್ಟೆ" ಎಂದು ಹೇಳಿ ಮೆಣಸು ಹೆಕ್ಕುತ್ತಿದ್ದೆ. ಹಿಂದಿನ ದಿನ ಆನೆ ನುಗ್ಗಿದ ಒಂದು ತೋಟದ ಸುದ್ದಿ ಕಳಿಸಿದ್ದೆ. ಡೆಸ್ಕಿನಿಂದ ಫೋನು ಬಂತು. ಎಷ್ಟು ಬಾಳೆ ಹೋಗಿದೆ, ಇನ್ನೊಮ್ಮೆ ಹೇಳಿ ಎಂದರು. ದನಿ ಸಣ್ಣಗೆ ಕೇಳುತ್ತಿತ್ತು. ಬಲಗೈಯಲ್ಲಿ ಫೋನು ಹಿಡಿದು, ಎಡಗೈಯಿಂದ ಇನ್ನೊಂದು ಕಿವಿ ಮುಚ್ಚಿಕೊಂಡೆ. ಆಗ ಮೇಲಿನಿಂದ ಅಣ್ಣ "ಬಿಚ್ತೀನಿ" ಎಂದ.

ನಾನು ಏಣಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. "ಹಿಡ್ದಿದೀನಿ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇನ್ನೆರಡು ಕ್ಷಣದಲ್ಲಿ ಹಿಡಿಯುವವನಿದ್ದೆ. ಆಗಲಿರುವುದನ್ನು ಆಗಿದೆ ಎಂದು ಹೇಳಿದೆ. ಸಭೆ ನಡೆಯುವ ಮೊದಲೇ ನಡೆಯಿತೆಂದು ಬರೆದು ಕಳಿಸುವ ವರದಿಗಾರರನ್ನು ನಾನು ಡೆಸ್ಕಿನಲ್ಲಿ ಕೂತು ಎಷ್ಟೋ ಸಲ ಬೈದಿದ್ದೇನೆ. ಅಂದು ನಾನು ಇಬ್ಬರಿಗೆ ಉತ್ತರ ಕೊಟ್ಟೆ. ಬಾಳೆಯ ಲೆಕ್ಕ ಸರಿಯಾಗಿತ್ತು.

ಒಂಟಿ ಬಿದಿರು ನಿಂತಲ್ಲೇ ಹೊರಳಿತು. ಕವಲುಗಳೆಲ್ಲ ಒಂದೇ ಸಲ ಪಕ್ಕಕ್ಕೆ ತಿರುಗಿದ್ದನ್ನು ನೋಡಿದೆ. ಅಣ್ಣ ಕೂಗಲಿಲ್ಲ. ಬೇಲಿಯ ಕಲ್ಲುಕಂಬದ ಪಕ್ಕ ಬಿದ್ದ. ಜೀಪಿನಲ್ಲಿ ಅವನ ತಲೆ ಅತ್ತಿಗೆಯ ತೊಡೆಯ ಮೇಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದ. ಡಾಕ್ಟರು ಹೇಳುವ ತನಕ ಅತ್ತಿಗೆ ಅವನ ಕೂದಲಲ್ಲಿ ಸಿಕ್ಕಿದ್ದ ಮೆಣಸಿನ ಎಲೆಯ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು.

ಸ್ಟೇಷನ್ನಿನಲ್ಲಿ ನನ್ನ ಹೇಳಿಕೆ ಬರೆದುಕೊಂಡರು. ಏಣಿ ಹಿಡಿದಿದ್ದೆ, ಅದು ಹೊರಳಿತು, ತಡೆಯಲಾಗಲಿಲ್ಲ ಎಂದೆ. ಪೊಲೀಸರು ಓದಿ ಹೇಳಿ, ಸಹಿ ಮಾಡಲು ಕೊಟ್ಟರು. ಮಲಯಾಳದಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಪೆನ್ನು ಕೇಳಿ ಅದನ್ನು ತಿದ್ದಿದೆ. ಆಮೇಲೆ ಸಹಿ ಹಾಕಿದೆ.

ಆ ವರ್ಷ ಉಳಿದ ಮೆಣಸು ಮರದಲ್ಲೇ ಒಣಗಿತು. ಏಣಿಯನ್ನು ಯಾರೋ ಕೊಟ್ಟಿಗೆಯ ಹಿಂದೆ ಒಯ್ದು ಮಲಗಿಸಿದರು. ನಾನು ಆ ಕಡೆ ಹೋಗುತ್ತಿರಲಿಲ್ಲ. ನನ್ನ ಮೇಲೆ ನನಗಿದ್ದ ಭರವಸೆ ಸಣ್ಣ ಸಣ್ಣ ಕೆಲಸಗಳಲ್ಲೇ ಹೋಗಿತ್ತು. ಗೇಟು ಹಾಕಿದೆನೇ ಎಂದು ಮೂರು ಸಲ ಹೋಗಿ ನೋಡುತ್ತಿದ್ದೆ. ಒಲೆ ಆರಿಸಿದ್ದೀಯಾ ಎಂದು ಅತ್ತಿಗೆ ಕೇಳಿದರೆ ಹೌದು ಎನ್ನಲು ಬಾಯಿ ಬರುತ್ತಿರಲಿಲ್ಲ; ಎದ್ದು ಹೋಗಿ ನೋಡಿ ಬಂದು ಹೌದು ಎನ್ನುತ್ತಿದ್ದೆ. ಪತ್ರಿಕೆಗೆ ಸುದ್ದಿ ಕಳಿಸುವುದೂ ಕಡಿಮೆಯಾಯಿತು. ಬೇಗೂರಿನ ಕಾಡಿನಲ್ಲಿ ಬಸ್ಸು ಕೆಟ್ಟು ನಿಂತ ನಾಲ್ಕು ಸಾಲಿನ ಸುದ್ದಿಯನ್ನು ಎರಡು ದಿನ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಬಸ್ಸು ರಿಪೇರಿಯಾಗಿ ಓಡಾಡುತ್ತಿತ್ತು.

ಮರು ವರ್ಷ ಅತ್ತಿಗೆ ಬಳ್ಳಿಗಳನ್ನು ಪನಮರಂನ ಒಬ್ಬ ವ್ಯಾಪಾರಿಗೆ ಪಾಟಕ್ಕೆ, ಎಂದರೆ ಗುತ್ತಿಗೆಗೆ, ಕೊಟ್ಟರು. ಕೊಯ್ಲು ಅವನದು, ನಮಗೆ ಇಷ್ಟು ಎಂದು ಮಾತು. ಅವನ ಆಳುಗಳು ಅವಸರದವರು. ಕೈಗೆ ಸಿಕ್ಕಿದ್ದನ್ನು ಎಳೆದರು. ಅವರು ಹೋದ ಮೇಲೆ ಅತ್ತಿಗೆ ತೋಟಕ್ಕೆ ಹೋಗಿ, ಮರದಿಂದ ಕಿತ್ತು ಜೋತುಬಿದ್ದಿದ್ದ ಬಳ್ಳಿಗಳನ್ನು ಹಳೆಯ ಸೀರೆಯ ಅಂಚಿನಿಂದ ಮತ್ತೆ ಮರಕ್ಕೆ ಕಟ್ಟುತ್ತಾ ನಡೆದರು. ಎಲ್ಲ ಅಣ್ಣ ನೆಟ್ಟ ಬಳ್ಳಿಗಳು.

ಮಳೆಗಾಲ ಮುಗಿಯುವಾಗ ಒಂದು ದಿನ ಊಟಕ್ಕೆ ಬಡಿಸುತ್ತಾ ಹೇಳಿದರು. "ಈ ಸಲ ಯಾರಿಗೂ ಕೊಡಲ್ಲ. ನಾನೇ ಹತ್ತೀನಿ."

"ನೀವಾ ಅತ್ತಿಗೆ?"

"ಯಾಕೆ, ತೌರುಮನೇಲಿ ಹಲಸಿನ ಮರ ಹತ್ತೋಳು ನಾನೇ. ನಿಮ್ಮಣ್ಣನಿಗಿಂತ ಚೆಂದ ಹತ್ತೀನಿ." ಸಾರು ಬಡಿಸುತ್ತಾ, "ನೀನು ಹಿಡೀಬೇಕು," ಎಂದರು.

ನಾನು ಅನ್ನ ಕಲಸುತ್ತಲೇ ಇದ್ದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಮಾರನೆಯ ದಿನ ಹಾಡಿಯ ಮುದುಕಿಯ ಹತ್ತಿರ ಹೋದೆ. ಕಾಡಿನ ಅಂಚಿನಲ್ಲಿ ಆದಿವಾಸಿಗಳದೊಂದು ಹಾಡಿಯಿದೆ, ಹತ್ತು ಹನ್ನೆರಡು ಮನೆ. ಈ ಮುದುಕಿ ತನ್ನ ಗಂಡನಿಗೆ, ಅವನು ಸತ್ತ ಮೇಲೆ ತಮ್ಮಂದಿರಿಗೆ, ಊರಿನ ಅರ್ಧ ತೋಟಗಳಲ್ಲಿ ಏಣಿ ಹಿಡಿದವಳು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಮ್ಮ ತೋಟಕ್ಕೆ ಬರುತ್ತಿದ್ದಳು. ಅತ್ತಿಗೆಗೆ ಏಣಿ ಹಿಡಿಯಲು ಬರಬೇಕೆಂದು ಕೇಳಿದೆ.

"ಮಂಡಿ ಮುಗೀತು ಮೋನೆ. ಈಗ ತೊಳಿಲುರಪ್ಪಿಗೆ, ಆ ಸರ್ಕಾರಿ ಕೂಲಿಗೆ, ಹೋಗಿ ರಸ್ತೆ ಪಕ್ಕದ ಹುಲ್ಲು ಕಿತ್ತು ಸುಮ್ನೆ ಕೂತ್ಕೊಳ್ಳೋ ಪಣಿ ನನ್ದು. ಅಲ್ಲಿ ಯಾರೂ ಮೇಲಿಂದ ಬೀಳಲ್ಲ." ಎಲೆ ಅಡಿಕೆ ಉಗಿದು ಬಂದಳು. "ನೀನಿದೀಯಲ್ಲ. ನಿಂಗೇನಾಗಿದೆ?"

"ಹೆದರಿಕೆ ಅವ್ವಾ."

"ಪೇಡಿ ಇದ್ರೆ ಒಳ್ಳೇದೇ. ಪೇಡಿ ಇಲ್ದೋನು ಹಿಡೀಬಾರ್ದು." ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹಿಡಿಯೋದೂ ಒಂದು ಪಣಿ. ದಿನಾ ಮಾಡ್ಬೇಕು. ನೀನು ವರ್ಷಕ್ಕೊಂದು ತಿಂಗಳು ಹಿಡ್ದು, ಉಳಿದ ತಿಂಗಳು ಪೇಪರ್ ಹಿಡ್ದೋನು. ನಾಳೆ ಬಿಸಿಲು ಬಂದ ಮೇಲೆ ಬರ್ತೀನಿ. ಏಣಿ ಹೊರಗೆ ತೆಗೆದಿಟ್ಟಿರು."

ಹಳೆಯ ಏಣಿ ಗೆದ್ದಲು ಹಿಡಿದಿತ್ತು. ಹೊಸ ಬಿದಿರು ಕಡಿಸಿದೆ. ಮನೆಯ ಹಿಂದೆ ಒಂದು ಹಾಲುವಾಣದ ಮರಕ್ಕೆ ಏಣಿಯನ್ನು ಒರಗಿಸಿ, ಮೇಲಿನ ಕವಲಿಗೆ ಮಣ್ಣು ತುಂಬಿದ ಚೀಲವೊಂದನ್ನು ತೂಗುಹಾಕಿದೆವು. ಮುದುಕಿ ಚೀಲಕ್ಕೆ ಒಂದು ಹಗ್ಗ ಕಟ್ಟಿ, ಅದರ ತುದಿ ಹಿಡಿದು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ನಾನು ಹಿಡಿದುಕೊಂಡಿರಬೇಕು. ಅವಳಿಗೆ ಮನಸ್ಸು ಬಂದಾಗ ಹಗ್ಗ ಎಳೆಯುತ್ತಾಳೆ.

ಮೊದಲ ದಿನ ಅವಳು ಹಗ್ಗ ಎಳೆಯುವ ಮೊದಲೇ ನನ್ನ ಅಂಗೈ ಬೆವೆತು ಜಾರುತ್ತಿತ್ತು. ಜೇಬಿನಲ್ಲಿ ಫೋನು ಅಲುಗಾಡಿದ ಹಾಗಾಗಿ ಕೈ ಬಿಟ್ಟೆ. ಜೇಬಿನಲ್ಲಿ ಫೋನೇ ಇರಲಿಲ್ಲ. ಏಣಿ ಹೊರಳಿ ಚೀಲ ಧೊಪ್ಪೆಂದು ಬಿತ್ತು.

"ಸತ್ತ," ಎಂದಳು ಮುದುಕಿ ಚೀಲವನ್ನು ನೋಡಿ. "ಎತ್ತಿ ಕಟ್ಟು. ಇವನಿಗೆ ಇನ್ನೂ ಎಷ್ಟು ಸಾವಿದೆಯೋ ನೋಡಾಣ."

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಎದ್ದು ಹೋಗುತ್ತಿದ್ದೆ. ಎತ್ತಿ ಕಟ್ಟಿದೆ.

ಹೀಗೆ ಶುರುವಾಯಿತು. ಪ್ರತಿದಿನ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಮುದುಕಿ ತನ್ನ ಕೆಲಸಕ್ಕೆ ಹೋಗುವ ಮೊದಲು. ಅವಳು ಬಾರದ ದಿನ ನಾನೊಬ್ಬನೇ. ಜ್ವರವಿದ್ದ ಎರಡು ದಿನವೂ ಬಿಡಲಿಲ್ಲ. ಬಿಟ್ಟರೆ ಮತ್ತೆ ಶುರು ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬದಲ್ಲಿ ಇಟ್ಟು ಬರುತ್ತಿದ್ದೆ. ಒಂದು ದಿನ ಅತ್ತಿಗೆ ಒಳಗಿನಿಂದ, "ಅಕ್ಕಿ ಯಾರನ್ನೋ ಕರೀತಾ ಅದೆ, ಬಂದು ಮಾತಾಡ್ತೀಯಾ?" ಎಂದು ಕೇಳಿದರು. ಬಹಳ ದಿನಗಳ ಮೇಲೆ ಅವರು ಆಡಿದ ತಮಾಷೆ ಅದು. ನಾನು ಹೋಗಲಿಲ್ಲ.

ಮುದುಕಿ ಹೇಳಿಕೊಟ್ಟದ್ದು ಹೆಚ್ಚಿಲ್ಲ. ಎರಡು ಕೈ ಒಂದೇ ಮಟ್ಟದಲ್ಲಿರಬಾರದು, ಒಂದು ಎದೆಯ ನೇರಕ್ಕೆ, ಒಂದು ಹೊಟ್ಟೆಯ ನೇರಕ್ಕೆ. ಪಾದದ ಅಂಚು ಏಣಿಯ ಬುಡಕ್ಕೆ ತಾಗಿರಬೇಕು. ಬಿಗಿಯಾಗಿ ಹಿಡಿದವನು ಬೇಗ ಸೋಲುತ್ತಾನೆ. "ಕರುವಿನ ಕುತ್ತಿಗೆ ಹಿಡಿಯಲ್ವಾ, ಹಂಗೆ. ಅದು ತಿರುಗೋದು ನಿನ್ನ ಅಂಗೈಗೆ ಮೊದಲು ಗೊತ್ತಾಗ್ತದೆ. ಕಣ್ಣಿಗೆ ಆಮೇಲೆ."

ಒಂದು ಅಭ್ಯಾಸವನ್ನು ನಾನೇ ಸೇರಿಸಿಕೊಂಡೆ. ಅವಳು ಮೇಲಿನವನ ಹಾಗೆ "ಬಿಚ್ತೀನಿ" ಎಂದಾಗ ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ಬಲಗೈ ನೋಡುತ್ತೇನೆ. ಆಮೇಲೆ ಎಡಗೈ. ಆಮೇಲೆ "ಹಿಡ್ದಿದೀನಿ" ಎನ್ನುತ್ತೇನೆ.

ಮುದುಕಿಗೆ ಇದು ನಗು. "ಕೈ ಇದೆಯೋ ಇಲ್ವೋ ಅಂತ ನೋಡ್ತೀಯಾ? ಕಾಗೆ ಎತ್ಕೊಂಡು ಹೋಗಿಲ್ಲ, ಇದೆ."

ಎರಡು ತಿಂಗಳು ಕಳೆಯುವಾಗ ಅಂಗೈ ಬೆವರುವುದು ನಿಂತಿತು. ಹಗ್ಗ ಎಳೆದರೂ ಏಣಿ ಅಲುಗುತ್ತಿರಲಿಲ್ಲ. ಆಮೇಲಾಮೇಲೆ ಮುದುಕಿ ಎಳೆದಳೆಂಬುದು ಕೂಡ ನನ್ನ ಮನಸ್ಸಿಗೆ ಬರುವ ಮೊದಲೇ ಕೈಗಳು ತಮ್ಮ ಕೆಲಸ ಮಾಡಿ ಮುಗಿಸಿರುತ್ತಿದ್ದವು. ಅಲ್ಲಿ ನಿಂತಿದ್ದಾಗ ಒಂದು ನಿರಾಳ ಇರುತ್ತಿತ್ತು. ಮನೆಯೊಳಗೂ ಅದು ಸ್ವಲ್ಪ ಸ್ವಲ್ಪ ಬಂತು. ಗೇಟನ್ನು ಒಂದೇ ಸಲ ಹಾಕಿ ಬಂದು ಮಲಗಿದ ದಿನ ನನಗೆ ನೆನಪಿದೆ. ಇದನ್ನು ಗುಣವಾಗುವುದು ಎನ್ನಬಹುದೇನೋ. ಆದರೆ ಕೈಗಳು ಸರಿಯಾದಷ್ಟೂ ಬಾಯಿಯ ವಿಷಯ ಹೆಚ್ಚು ಸ್ಪಷ್ಟವಾಗುತ್ತ ಬಂತು. ಅಂದು ಜಾರಿದ್ದು ಕೈಯಲ್ಲ. ಕೈಗಳು ಆಗಲೂ ಹಿಡಿಯಬಲ್ಲ ಕೈಗಳೇ ಆಗಿದ್ದವು.

ಮೆಣಸಿನ ಗೊಂಚಲಲ್ಲಿ ಒಂದೊಂದು ಕಾಳು ಕೆಂಪಾಗುತ್ತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಮುದುಕಿ ಹಗ್ಗವನ್ನು ಕೆಳಗಿಟ್ಟಳು.

"ಸಾಕು. ಶೆರಿಯಾಯ್ತು. ಇನ್ನು ನಾನು ಬರಲ್ಲ." ಎದ್ದವಳು ನನ್ನ ಅಂಗೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಜಡ್ಡುಗಟ್ಟಿದ್ದವು. "ಅವತ್ತು ನಿನ್ನಣ್ಣನ್ನ ಮಲಗಿಸಿದ್ರಲ್ಲ, ನಾನು ಬಂದಿದ್ದೆ. ನೀನು ನಂಗೆ ಒಂದು ಲೋಟ ನೀರು ಕೊಟ್ಟೆ. ನೆನಪಿದೆಯಾ?"

ನನಗೆ ನೆನಪಿರಲಿಲ್ಲ.

"ಹಿಡಿದಾಗ ಬಿದಿರು ಹೊರಳಿದ್ರೆ ಅಂಗೈ ಸುಲಿದು ಹೋಗ್ತದೆ. ಕವಲು ಬಡಿದು ತೋಳು ಸೀಳ್ತದೆ. ನಂಗೆ ಎರಡು ಸಲ ಆಗಿದೆ, ನೋಡು." ತೋಳಿನ ಮೇಲೆ ಬೆಳ್ಳಗಿನ ಹಳೆಯ ಗಾಯದ ಗೆರೆ ತೋರಿಸಿದಳು. "ಲೋಟ ಕೊಡುವಾಗ ನಿನ್ನ ಕೈ ನೋಡ್ದೆ. ಒಂದು ಗೀರೂ ಇರ್ಲಿಲ್ಲ."

ನಾನು ಅಂಗೈ ಮಡಚಿಕೊಂಡೆ.

"ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಅದು ನನ್ನ ಪಣಿ ಅಲ್ಲ." ಎಲೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆದ್ರೆ ನಿನ್ನತ್ತಿಗೆಗೆ ಹತ್ತೋ ಮೊದ್ಲು ಗೊತ್ತಿರ್ಬೇಕು. ಹತ್ತಿದ ಮೇಲೆ ಗೊತ್ತಾಗ್ಬಾರ್ದು."

ಕೊಯ್ಲು ಶುರುವಾಗಲು ನಾಲ್ಕು ದಿನವಿತ್ತು. ಮೂರು ದಿನ ಹೇಳಲಿಲ್ಲ. ಹೇಳುವ ವಾಕ್ಯವನ್ನು ಮನಸ್ಸಿನಲ್ಲೇ ಬರೆದು ತಿದ್ದುತ್ತಿದ್ದೆ. ತಿದ್ದಿದ ಹಾಗೆಲ್ಲ ಅದರಲ್ಲಿ ನನ್ನ ಪರವಾದ ಒಂದು ಪದ ಸೇರಿಕೊಳ್ಳುತ್ತಿತ್ತು. "ಆ ಕ್ಷಣದಲ್ಲಿ", "ಗೊತ್ತಾಗದೆ", "ಅಷ್ಟರಲ್ಲಿ". ಎಲ್ಲ ಹೊಡೆದುಹಾಕಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತಿಗೆ ಅಣ್ಣನ ಹಳೆಯ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ತಲೆಗೆ ಟವೆಲ್ ಸುತ್ತಿ, ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು ಬಂದರು. ಮೊದಲ ಮರದ ಬುಡದಲ್ಲಿ ನಾನು ಏಣಿ ಎತ್ತಿರಲಿಲ್ಲ.

"ಅತ್ತಿಗೆ, ಅವತ್ತು ನಾನು ಏಣಿ ಹಿಡಿದಿರಲಿಲ್ಲ," ಎಂದೆ. "ಅಣ್ಣ ಬಿಚ್ತೀನಿ ಅಂದ. ನಾನು ಫೋನಿನಲ್ಲಿದ್ದೆ. ದೂರದಿಂದಲೇ ಹಿಡ್ದಿದೀನಿ ಅಂದೆ. ಅವನು ಬಿಚ್ಚಿದ."

ಅವರು ಚೀಲದ ದಾರವನ್ನು ಬಿಗಿ ಮಾಡುತ್ತಿದ್ದರು. ಕೈ ನಿಂತಿತು.

"ಯಾರ ಫೋನು?"

"ಪತ್ರಿಕೆಯದು."

"ಏನ್ ಕೇಳಿದ್ರು?"

"ಆನೆ ತುಳಿದ ಬಾಳೆ ಎಷ್ಟು ಅಂತ."

"ಹೇಳಿದ್ಯಾ?"

"ಹೇಳಿದೆ."

ಬೇಲಿಯಾಚೆ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋಯಿತು. ನಾನು ಅವರ ಮುಖ ನೋಡಲಿಲ್ಲ. ಹಾಗಾಗಿ ಮುಖ ಹೇಗಿತ್ತೆಂದು ಬರೆಯಲಾರೆ. ದಾರದ ಗಂಟು ಹಾಕಿ ಮುಗಿಸಿದರು.

"ಏಣಿ ಎತ್ತು," ಎಂದರು.

ಎತ್ತಿ ನಿಲ್ಲಿಸಿ ಹಿಡಿದೆ. ಅವರು ಹತ್ತಿದರು. ಮೇಲೆ ಹಗ್ಗ ಸುತ್ತುವ ಸದ್ದು ಕೇಳಿತು. "ಕಟ್ದೆ" ಎಂಬ ಮಾತಿಗೆ ಕಾದೆ. ಬರಲಿಲ್ಲ. ಕೊಯ್ದ ಮೆಣಸು ಚೀಲಕ್ಕೆ ಬೀಳುವುದು ಕೇಳಿಸುತ್ತಿತ್ತು. ಅವರು ಹೇಳದೆ ನಾನು ಕೈ ತೆಗೆಯುವ ಹಾಗಿಲ್ಲ, ಹಿಡಿದೇ ನಿಂತೆ. ಬಹಳ ಹೊತ್ತಿನ ಮೇಲೆ ಏಣಿ ಸಣ್ಣಗೆ ಅಲುಗಿತು. ಹಗ್ಗ ಬಿಚ್ಚಿದ್ದರು. ಅವರು "ಬಿಚ್ತೀನಿ" ಎನ್ನಲಿಲ್ಲ, ನಾನು ಏನೂ ಹೇಳಬೇಕಾಗಲಿಲ್ಲ. ಇಳಿದು ಬಂದು ಮುಂದಿನ ಮರಕ್ಕೆ ನಡೆದರು.

ಆ ಕೊಯ್ಲಿನ ಉದ್ದಕ್ಕೂ ಹಾಗೆಯೇ ನಡೆಯಿತು. ಅವರಿಗೆ ನನ್ನ ಕೈಗಳು ಬೇಕಿದ್ದವು, ಮಾತು ಬೇಕಿರಲಿಲ್ಲ. ಯಾವ ಮರದಲ್ಲೂ ಅವರು "ಕಟ್ದೆ" ಎನ್ನಲಿಲ್ಲ. ಯಾವ ಮರದಲ್ಲೂ ನಾನು ಬಿಡಲಿಲ್ಲ. ಉದುರಿದ ಮೆಣಸನ್ನು ಸಂಜೆಗೆ ಇಬ್ಬರೂ ಹೆಕ್ಕುತ್ತಿದ್ದೆವು. ಮನೆಯಲ್ಲಿ ಊಟ ಬಡಿಸುತ್ತಿದ್ದರು, ನೀರು ಕಾದಿದೆ ಎನ್ನುತ್ತಿದ್ದರು. ಹಾಲಿನವನ ಬಗ್ಗೆ, ಕರೆಂಟಿನ ಬಗ್ಗೆ ಮಾತಿತ್ತು. ತೋಟದಲ್ಲಿ ಮಾತಿರಲಿಲ್ಲ. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಸ್ಟೇಷನ್ನಿಗೆ ಹೋಗಿ ಹಳೆಯ ಹೇಳಿಕೆ ತಪ್ಪೆಂದು ಬರೆದುಕೊಟ್ಟೆ. ಅಲ್ಲಿದ್ದವರು ಎರಡು ಸಲ ಓದಿ, ಇದನ್ನು ಈಗ ಯಾಕೆ ಕೊಡುತ್ತಿದ್ದೀರಿ ಸಾರ್ ಎಂದು ಕೇಳಿ, ಇಸಿದುಕೊಂಡರು. ಕರೆದರೆ ಬರುತ್ತೇನೆ ಎಂದೆ. ಇನ್ನೂ ಕರೆದಿಲ್ಲ. ಮನೆಗೆ ಬಂದು ಅತ್ತಿಗೆಗೆ ಹೇಳಿದೆ.

"ಬರೆದುಕೊಟ್ಯಾ?" ಎಂದರು.

"ಹೂಂ."

"ಶೆರಿ," ಎಂದು ಒಣಗಿದ ಮೆಣಸು ಕೇರಲು ಕೂತರು.

ಬೇಲಿಯ ಪಕ್ಕದ ಸಿಲ್ವರ್ ಮರವನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ಅಂದು ಎದ್ದಾಗಲೇ ನನಗೆ ಗೊತ್ತಿತ್ತು, ಉಳಿದಿರುವುದು ಅದೊಂದೇ. ಕಲ್ಲುಕಂಬದ ಪಕ್ಕ ಗುಳಿ ತೋಡಿ ಏಣಿ ಊರಿದೆ. ಅವರು ಬಿದಿರಿಗೆ ಒಮ್ಮೆ ಕೈಯಿಟ್ಟು ಹತ್ತಿದರು. ಹಗ್ಗದ ಸದ್ದು. ಮೆಣಸಿನ ಸದ್ದು. ಬಿಸಿಲು ಬೆನ್ನಿನಿಂದ ನೆತ್ತಿಗೆ ಬಂತು. ನನ್ನ ಕೈಗಳು ಬಿದಿರಿನ ಮೇಲೆ ತಮ್ಮ ಪಾಡಿಗೆ ಇದ್ದವು.

ಮೆಣಸು ಬೀಳುವ ಸದ್ದು ನಿಂತು ಬಹಳ ಹೊತ್ತಾದರೂ ಅವರು ಇಳಿಯಲಿಲ್ಲ.

"ಇಲ್ಲಿಂದ ಚೆಕ್‌ಪೋಸ್ಟ್ ಕಾಣ್ತದೆ," ಎಂದರು. ಮರದ ಮೇಲಿನಿಂದ ಅವರು ಆಡಿದ ಮೊದಲ ಮಾತು.

ಅಣ್ಣನಾಗಿದ್ದರೆ ಲಾರಿ ಎಷ್ಟಿವೆ ಎಂದು ಕೇಳುತ್ತಿದ್ದೆ.

ಆಮೇಲೆ ಮೇಲಿನಿಂದ, ಸ್ಪಷ್ಟವಾಗಿ, ಅಣ್ಣ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ:

"ಬಿಚ್ತೀನಿ."

ಬಲಗೈ ನೋಡಿದೆ. ಎದೆಯ ನೇರಕ್ಕೆ, ಏಣಿಯ ಮೇಲಿತ್ತು. ಎಡಗೈ ನೋಡಿದೆ. ಹೊಟ್ಟೆಯ ನೇರಕ್ಕೆ, ಏಣಿಯ ಮೇಲಿತ್ತು. ಪಾದ ಬುಡಕ್ಕೆ ತಾಗಿತ್ತು.

"ಹಿಡ್ದಿದೀನಿ," ಎಂದೆ.

ಮೇಲೆ ಗಂಟು ಬಿಚ್ಚುವ ಸದ್ದಿಗೆ ಕಾಯಬೇಕಾಯಿತು. ಕೊನೆಗೂ ಏಣಿಯ ಭಾರ ನನ್ನ ಕೈಗಳಿಗೆ ಬಂತು. ಅವರು ಒಂದೊಂದೇ ಕವಲಿಗೆ ಕಾಲಿಟ್ಟು ಇಳಿದರು. ನೆಲಕ್ಕೆ ಬಂದ ಮೇಲೂ ಒಂದು ಕೈಯನ್ನು ಬಿದಿರಿನ ಮೇಲೆ, ನನ್ನ ಕೈಗಿಂತ ಸ್ವಲ್ಪ ಮೇಲೆ, ಇಟ್ಟುಕೊಂಡೇ ನಿಂತರು. ಅಣ್ಣನ ಅಂಗಿಯ ತೋಳು ಬೆವರಿಗೆ ಅಂಟಿತ್ತು.

"ನಿಮ್ಮಣ್ಣ ಕೊನೆಗೆ ಆಡಿದ ಮಾತು ಇದೇನಾ?" ಎಂದು ಕೇಳಿದರು.

"ಇದೇ."

"ಜೀಪಲ್ಲಿ ಅಷ್ಟು ದೂರ ಅವರ ಬಾಯಿಗೆ ಕಿವಿ ಇಟ್ಟು ಕೂತಿದ್ದೆ. ಏನಾದ್ರೂ ಹೇಳ್ತಾರೆ ಅಂತ." ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ಏನೂ ಹೇಳ್ಲಿಲ್ಲ. ನಂಗೆ ಗೊತ್ತಾಗಬೇಕಿತ್ತು, ಅಷ್ಟೇ. ಎಲ್ಲಿಂದ ಹೇಳಿದ್ರು, ಏನು ಹೇಳಿದ್ರು ಅಂತ. ಮೇಲೆ ಕೂತು ನಾನೂ ಹೇಳಿ ನೋಡ್ದೆ."

ಚೀಲವನ್ನು ಸೊಂಟದಿಂದ ಬಿಚ್ಚಿ ತಲೆಯ ಮೇಲಿಟ್ಟುಕೊಂಡು ಮನೆಯ ಕಡೆ ನಡೆದರು. ಕಾಫಿ ಗಿಡಗಳ ನಡುವೆ ಅಂಗಿಯ ನೀಲಿ ಕಾಣುತ್ತಾ ಕಾಣುತ್ತಾ ಮರೆಯಾಯಿತು.

ಏಣಿಯ ಮೇಲೆ ಯಾರೂ ಇರಲಿಲ್ಲ. ಕೆಳಗಿಳಿಸಿ ಮಲಗಿಸಬಹುದಿತ್ತು. ಬಿಡು ಎಂದು ಅವರು ಹೇಳಿರಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.